ನೈಲ್ ಹೊಳಿಯ ಕಂಬ, ನಮ್ಮ ಬೀರಪ್ಪನ ಪಾದಗಟ್ಟಿ

ರಬಕವಿ

ಈಜಿಪ್ತಿಗೆ ಹೋಗಿ ಬಂದೇನಿ ಅಂದ್ರ ಮಂದಿ ಮೊದಲ ಕೇಳೂದು ಪಿರಮಿಡ್ಡಿನ ಸುದ್ದಿ. ನೋಡಿಲ್ಲಂತ ಅಲ್ಲ, ನೋಡೇನಿ. ದೂರಿಂದ ನೋಡಿದ್ನಿ, ಹತ್ರ ಹೋಗಿ ಒಂದು ಸುತ್ತ ಹಾಕಿದ್ನಿ, ಕಲ್ಲು ಭಾಳ ದೊಡ್ಡವು ಅದಾವ. ಆತು, ಮುಗೀತು. ಆ ದೇಶದಾಗ ನಾ ಖರೆ ನೋಡಿದ್ದು ಒಂದು ಬಾವಿ, ಆ ಬಾವಿ ನಡುವ ನಿಂತ ಒಂದು ಕಲ್ಲಿನ ಕಂಬ. ಅದನ್ನ ನೋಡಿದ ಮ್ಯಾಲ ನನಗ ಕುಂತಲ್ಲಿ ಕುಂದ್ರಾಕ ಆಗಲಿಲ್ಲ, ನಿಂತಲ್ಲಿ ನಿಂದ್ರಾಕ ಆಗಲಿಲ್ಲ.

ನಾ ರಬಕವಿಯಾಗ ಒಂದು ನೂಲಿನ ಅಂಗಡಿ ಗುಮಾಸ್ತ. ಜಮಖಂಡಿ ಸಾಲ್ಯಾಗ ನಾಕು ಅಕ್ಷರ ಇಂಗ್ಲಿಷ್ ಕಲತಾವ, ಅಷ್ಟೇ ನನ್ನ ಬಂಡವಾಳ. ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಮ್ಯಾಲ ನಮ್ಮ ಗುರುಲಿಂಗಪ್ಪ ಸಾವಕಾರ್ರಿಗೆ ಒಂದು ಹುಚ್ಚ ಹತ್ತಿತು. ಬನಹಟ್ಟಿ ನೇಕಾರರಿಗೆ ಸಣ್ಣ ನೂಲು ಬೇಕು, ಅದಕ್ಕ ಬೇಕಾದ ಉದ್ದ ಎಳಿ ಹತ್ತಿ ಬೆಳೆಯೂದು ಈಜಿಪ್ತಿನ್ಯಾಗ, ಮುಂಬೈ ದಲಾಲರ ಬಾಯಿಗೆ ಬೀಳೂಕಿಂತ ಖುದ್ದ ಹೋಗಿ ನೋಡಿ ಬರೂಣು ಅಂತ. "ಸಿದ್ದಪ್ಪ, ನೀ ಇಂಗ್ಲಿಷ್ ಮಾತಾಡು, ನಾ ಹತ್ತಿ ಮುಟ್ಟಿ ನೋಡತೀನಿ," ಅಂದ್ರು. ನಾ ಹೂಂ ಅಂದ್ನಿ. ಹೂಂ ಅನ್ನದ ಗುಮಾಸ್ತನ್ನ ಯಾರು ಇಟಗೋತಾರ?

ನಮ್ಮ ಮನಿ ಇರೂದು ಬೀಳಗಿ ಸೀಮ್ಯಾಗ. ಅನಗವಾಡಿಯಿಂದ ಎರಡ ಹರದಾರಿ ದೂರ, ಕೃಷ್ಣಾ ಹೊಳಿ ದಂಡಿ ಮ್ಯಾಲ, ಐದಾರು ಮನಿಯ ಕುರುಬರ ಹಟ್ಟಿ. ನಡುವ ಬೀರಪ್ಪನ ಗುಡಿ. ಗುಡಿ ಮುಂದ, ಹೊಳಿ ಕಡೆ ಮಾರಿ ಮಾಡಿ, ದೇವರ ಪಾದ ಕೊರೆದ ಒಂದು ಕಲ್ಲಿನ ಕಟ್ಟಿ ಐತಿ. ಅದಕ್ಕ ಪಾದಗಟ್ಟಿ ಅಂತೀವಿ. ಹೊಳಿಗೆ ಎಂಥಾ ನೀರ ಬರಲಿ, ಬೀರಪ್ಪನ ಪಾದ ಮುಟ್ಟಿ ಹೊಳ್ಳಿ ಹೋಗತೈತಿ, ಮುಂದ ಒಂದು ಹೆಜ್ಜಿ ಇಡಾಂಗಿಲ್ಲ ಅನ್ನೂದು ನಮ್ಮ ಹಟ್ಟಿಯ ಮಾತು. ನಾ ಹುಟ್ಟಿದಾಗಿಂದ ಈ ಮಾತು ಕೇಳೇನಿ, ಕಣ್ಣಿಲೆ ನೋಡೇನಿ ಸೈತ. ನೀರ ಪಾದಗಟ್ಟಿಗೆ ಬಂತಂದ್ರ ಹೆಣ್ಣಮಕ್ಕಳು ಹೋಗಿ ಅರಿಷಿಣ ಕುಂಕುಮ ಏರಿಸಿ ಹೊಳೆವ್ವಗ ಉಡಿ ತುಂಬತಾರ. ಮರುದಿನ ಹೊಳಿ ಇಳೀತೈತಿ.

ನಾ ಹೊಂಡೂ ಮುಂದ ತಮ್ಮ ಮಾಳಪ್ಪ ಬಸ್ಸಿನ ತನಕ ಬಂದಿದ್ದ. ಹಳೆ ಮನ್ಯಾಗ ಜಾಗಾ ಸಾಲತಿರಲಿಲ್ಲ. ಅವನ ಹೆಂಡತಿ ಹೊನ್ನವ್ವ ಅವಳಿ ಜವಳಿ ಹಡದಿದ್ಲು. ಹೊಸ ಮನಿಗೆ ಅವ ಜಾಗಾ ಆರಿಸಿ ಆಗಿತ್ತು, ಪಾದಗಟ್ಟಿಗೆ ಬೆನ್ನ ಹಚ್ಚಿ, ಹೊಳಿಗೆ ಅಷ್ಟು ಹತ್ರ. "ನೀರ ತರಾಕ ಸಲೀಸು, ಕುರಿ ಕುಡಸಾಕ ಸಲೀಸು. ಸುಣ್ಣದ ಗೆರಿ ಹೊಡದೇನಿ," ಅಂದ. "ನೀ ಮನಿಗೆ ಹಿರ್ಯಾ ಅದಿ ಯಣ್ಣ. ದಸರಿಗೆ ಬಂದು ಕಾಯಿ ಒಡದು ಮೊದಲನೇ ಗುದ್ದಲಿ ನೀನೇ ಹಾಕಬೇಕು. ನೀ ಬರೂತನಕ ನಾ ಒಂದು ಹೆಂಟಿ ಎಬ್ಬಸಾಂಗಿಲ್ಲ."

"ಆತೇಳೋ, ಬರತೀನಿ," ಅಂದ್ನಿ. ಬಸ್ಸ ಹೊಂಟಿತು. ಅವತ್ತು ನನಗ ಯಾವ ಚಿಂತಿನೂ ಇರಲಿಲ್ಲ.

ಹಡಗಿನ್ಯಾಗ

ಮಳಿಗಾಲದಾಗ ಸಮುದ್ರ ದಾಟಬ್ಯಾಡ್ರಿ. ಯಾರಾರ ಪುಣ್ಯಾತ್ಮರು ಮೊದಲ ಹೇಳಿದ್ರ ನಾ ಸಾವಕಾರ್ರ ಕಾಲ ಹಿಡದು ಬ್ಯಾಡ್ರಿ ಅಂತಿದ್ನಿ. ಮುಂಬೈ ದಂಡಿ ಮರಿ ಆಗೂದೇ ತಡ, ಹಡಗು ಹೊಯ್ದಾಡಾಕ ಹತ್ತಿತು. ಹೊಟ್ಟ್ಯಾಗಿಂದು ಎಲ್ಲಾ ಹೊರಗ ಬಂತು, ಆಮ್ಯಾಲ ಬರಾಕ ಏನೂ ಇಲ್ಲದಿದ್ರೂ ಬರತಿತ್ತು. ಪಂಚಮಿ ಹಬ್ಬ ಅಲ್ಲೇ ಆತು. ಊರಾಗ ಹುಡುಗುರು ಜೋಕಾಲಿ ಆಡತಿರತಾರ, ನನಗ ಬಿಟ್ಟಿ ಜೋಕಾಲಿ ಹಗಲು ರಾತ್ರಿ. ಉಂಡಿ ಮಾತ್ರ ಇಲ್ಲ. ಸಾವಕಾರ್ರು ಲಿಂಗಪೂಜಿ ಮಾಡಿ, ಕಟಕ ರೊಟ್ಟಿ ಶೇಂಗಾ ಹಿಂಡಿ ತಿಂದು, ಗೊರಕಿ ಹೊಡಕೋತ ಮಲಗಿದ್ರು. ಅವರ ಹೊಟ್ಟಿ ಯಾವ ಕಲ್ಲಿಲೆ ಮಾಡ್ಯಾರೋ ಬೀರಪ್ಪಗೇ ಗೊತ್ತು.

ಕೆಳಗ ಉಸರಾಡಾಕ ಆಗದ ನಾ ಕಂಬಳಿ ಹೊತ್ತು ಮ್ಯಾಲ ಬಂದು ಕಟಕಟಿ ಹಿಡದು ನಿಂತ್ನಿ. ಅಲ್ಲಿ ಒಬ್ಬ ಸಾಹೇಬ ಗಾಳಿಗೆ ಮಾರಿ ಕೊಟ್ಟು ಹಬ್ಬದ ಊಟ ಉಂಡಾವರಂಗ ನಿಂತಿದ್ದ. ತಲ್ಯಾಗ ಕೂದಲ ಕಡಿಮಿ, ಮೀಸಿ ಮಾತ್ರ ಗಚ್ಚಿ. ಅವ ಹಬೀಬ, ಈಜಿಪ್ತ ಸರ್ಕಾರದ ನೀರಿನ ಇಂಜಿನಿಯರ. ನಮ್ಮ ಪುಣೆ ಕಡೆ ನೀರಿನ ಕೆಲಸ ನೋಡಾಕ ಬಂದಾವ ಹೊಳ್ಳಿ ಹೊಂಟಿದ್ದ. ಅವ ಇಂಗ್ಲಿಷಿನ್ಯಾಗ ಅಂದದ್ದನ್ನ ನಾ ನಮ್ಮ ಮಾತಿನ್ಯಾಗ ಹೇಳತೀನಿ.

"ಗಾಳಿಗೆ ಯಾಕ ಬೈತಿ?" ಅಂದ. ನಾ ಕನ್ನಡದಾಗ ಬೈದಿದ್ನಿ, ಆದ್ರ ಬೈಗುಳ ಯಾವ ಭಾಷಿ ಆದ್ರೂ ತಿಳಿತೈತಿ ಅಂತ ಕಾಣತೈತಿ. "ನಿನ್ನ ಹೊಳಿಗೂ ನನ್ನ ಹೊಳಿಗೂ ಹೊಟ್ಟಿಗೆ ಹಾಕೂದು ಈ ಕಾಲದ ಗಾಳಿನೇ."

ನನಗ ತಿಳೀಲಿಲ್ಲ. ಅವ ಬಿಡಿಸಿ ಹೇಳಿದ. ಅವರ ದೇಶದಾಗ ಮಳಿನೇ ಇಲ್ಲಂತ. ಆದ್ರ ದಕ್ಷಿಣಕ್ಕ ಭಾಳ ದೂರ, ಹಬಶಿ ದೇಶದ ಗುಡ್ಡದ ಮ್ಯಾಲ ಈ ದಿನದಾಗ ಮಳಿ ಹೊಡೀತೈತಿ, ಆ ನೀರ ಮರಳುಗಾಡಿನ್ಯಾಗ ಹರಕೋತ ಬಂದು ಅವರ ನೈಲ್ ಹೊಳಿಗೆ ಮಹಾಪೂರ ತರತೈತಿ. ಕೇಳಿ ನನಗ ವಾಂತಿ ಮರತು ಹೋತು. ನಮ್ಮದೂ ಹಂಗೇ ಅಲ್ಲೇನ್ರಿ? ಜಮಖಂಡಿ ಸೀಮ್ಯಾಗ ಆಕಾಶ ಬೆಳ್ಳಗ ಬಿಕೋ ಅಂತಿರತೈತಿ, ಬಿತ್ತಿದ ಸಜ್ಜಿ ಬಾಡಿ ನಿಂತಿರತೈತಿ, ಅತ್ತ ಚಿಕ್ಕಪಡಸಲಗಿ, ತುಬಚಿ ಹತ್ರ ಹೊಳಿ ಕೆಂಪಾಗಿ ದಂಡಿ ಮುಟ್ಟಿರತೈತಿ. ಮಳಿ ಆದದ್ದು ಎಲ್ಲೋ ಮಹಾಬಳೇಶ್ವರದ ಘಟ್ಟದ ಮ್ಯಾಲ. ನಮ್ಮ ಮಂದಿ ಮುಗಲ ನೋಡಿ ಮಳಿ ಬೇಡತಾರ, ಹೊಳಿ ನೋಡಿ ಸಾಕೋ ಯಪ್ಪಾ ಅಂತಾರ, ಎರಡೂ ಒಂದೇ ದಿನ.

"ವರ್ಷಾ ಗಾಳಿ ಒಂದೇ ಸಮ ಇರಾಂಗಿಲ್ಲ," ಅಂದ ಹಬೀಬ. "ದೂರದ ದೊಡ್ಡ ಸಮುದ್ರದ ಮ್ಯಾಲ ಗಾಳಿಯ ಭಾರ ತಕ್ಕಡಿಯಂಗ ಒಂದು ಕಡೆ ಏರಿದ್ರ ಇನ್ನೊಂದು ಕಡೆ ಇಳೀತೈತಿ. ತಕ್ಕಡಿ ಹಿಂದಮುಂದ ಆದ ವರ್ಷ ನಿಮ್ಮಲ್ಲಿ ಬರ ಬೀಳತೈತಿ, ನಮ್ಮಲ್ಲಿ ಹೊಳಿ ಸಣ್ಣಗ ಬರತೈತಿ. ಎಲ್ಲಾ ಸಲ ಅಲ್ಲ, ಆದ್ರ ಭಾಳ ಸಲ. ಅದೂ ಬಿಡು. ಒಂದೆರಡು ವರ್ಷದ ಮಾತಲ್ಲ ಇದು. ಒಂದು ಆಯುಷ್ಯದ ತುಂಬ ಹೊಳಿ ಮೆತ್ತಗ ಇರತೈತಿ, ಇನ್ನೊಂದು ಆಯುಷ್ಯದ ತುಂಬ ಹುಚ್ಚೆದ್ದು ಬರತೈತಿ. ಯಾಕಂತ ಪೂರಾ ಹೇಳಾಕ ನನಗೂ ಬರಾಂಗಿಲ್ಲ."

ಆಮ್ಯಾಲ ಕೇಳಿದ, "ನಿಮ್ಮೂರಾಗ ನೀರ ಎಲ್ಲೀತನಕ ಬರತೈತಿ?"

ನಾ ಎದಿ ಉಬ್ಬಿಸಿ ಪಾದಗಟ್ಟಿ ಸುದ್ದಿ ಹೇಳಿದ್ನಿ. ದೇವರ ಪಾದ ಮುಟ್ಟಿ ಹೊಳ್ಳಿ ಹೋಗತೈತಿ ಅಂದ್ನಿ. ಅವ ನಗಲಿಲ್ಲ. "ಯಾವಾಗಿಂದ?" ಅಂದ.

"ಮೊದಲಿಂದ."

"ಮೊದಲು ಅಂದ್ರ ಯಾವಾಗ? ನೀ ಹುಟ್ಟೂಕಿಂತ ಮೊದಲ ಎಲ್ಲೀತನಕ ಬಂದಿತ್ತು?"

ನನಗ ಸಿಟ್ಟ ಬಂತು. "ಸಾಹೇಬ್ರ, ದೇವರ ಸುದ್ದಿಗೆ ಬರಬ್ಯಾಡ್ರಿ," ಅಂದ್ನಿ.

"ನಾ ದೇವರ ಸುದ್ದಿ ಕೇಳಾಕತ್ತಿಲ್ಲ ಮಾರಾಯಾ, ಹೊಳಿ ಸುದ್ದಿ ಕೇಳಾಕತ್ತೇನಿ," ಅಂದ ಹಬೀಬ.

ಮುಂದ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕಿ ಚೂರಿನಂಗ ಕುಂತಿತು. ಯಾವಾಗಿಂದ? ನನ್ನಪ್ಪ ನೋಡಿದ್ದು ಗೊತ್ತು. ಅಜ್ಜ ನಾ ಸಣ್ಣಾವ ಇದ್ದಾಗ ಹೋದ, ಅವ ಹೊಳಿ ಸುದ್ದಿ ಮಾತಾಡಿದ್ದೇ ನೆನಪಿಲ್ಲ. ಕೇಳಾಕ ಹಡಗಿನ್ಯಾಗ ಯಾರದಾರ?

ಸುವೇಜ್

ಸುವೇಜಿನ್ಯಾಗ ಇಳಿಯೂ ಮುಂದ ಒಂದು ಫಜೀತಿ ಆತು. ನಮ್ಮ ಗಂಟು ಬಿಚ್ಚಿಸಿ ನೋಡೂ ಅಧಿಕಾರಿಗೆ ರೊಟ್ಟಿ ಸಿಕ್ಕುವು. ಅವ ಒಂದನ್ನ ಎತ್ತಿ ಬೆಳಕಿಗೆ ಹಿಡದ, ಉಗುರಲೆ ಬಡದ, ಟಣ್ ಅಂತು. ಇದೇನು ಅಂದ. ತಿನ್ನೂದು ಅಂದ್ನಿ. ಅವ ನಂಬಲಿಲ್ಲ. ಸಾವಕಾರ್ರು ಸಿಟ್ಟಿಗೆದ್ದು ಅವನ ಮುಂದನೇ ಒಂದು ರೊಟ್ಟಿ ಕಟಂ ಅಂತ ಮುರದು ತಿಂದ್ರು. ಆಗ ಅವ ಕೆಂಪ ಹಿಂಡಿ ಡಬ್ಬಿ ಬಿಚ್ಚಿ ಮೂಗಿಗೆ ಹಿಡದ. ಬ್ಯಾಡ್ರಿ ಅನ್ನೂದರಾಗ ಎಳದುಬಿಟ್ಟ. ಆಮ್ಯಾಲ ಅವ ಸೀನೂದೇನು, ಅವನ ಹಿಂದಿನಾವ ಸೀನೂದೇನು, ಬಂದೂಕ ಹಿಡದ ಸಿಪಾಯಿ ಸೈತ ಮಾರಿ ಆಕಡೆ ಮಾಡಿ ಸೀನಿದ. ಹೋಗ್ರಿ ಹೋಗ್ರಿ ಅಂತ ಕೈ ಮಾಡಿದ್ರು. ನಾವು ಹೊಂಟ್ವಿ.

ದಂಡಿ ಮ್ಯಾಲ ಕರೇ ಅರಿವಿ ಹೊತ್ತ ಹೆಣ್ಣಮಕ್ಕಳು ತಲಿ ಮ್ಯಾಲ ಕೊಡ ಇಟಗೊಂಡು ಕೈ ಬಿಟ್ಟು ನಡದಿದ್ರು. ಥೇಟ್ ನಮ್ಮ ಹಟ್ಟಿ ಹೆಣ್ಣಮಕ್ಕಳ ನಡಗಿ.

ಕೈರೋ

ಕೈರೋದ ಮಂದಿ ಜಗಳಾಡಿದಂಗ ಮಾತಾಡತಾರ. ಇನ್ನೇನು ಹೊಡದಾಟ ಆಗೂದೇ ಅನ್ನೂದರಾಗ ಗಲ್ಲಕ್ಕ ಗಲ್ಲ ಹಚ್ಚಿ ಮುದ್ದ ಕೊಡತಾರ. ಚಾದಾಗ ಹಾಲ ಹಾಕಾಂಗಿಲ್ಲ, ಸಕ್ಕರಿ ಮಾತ್ರ ಕೈ ಬಿಚ್ಚಿ ಸುರೀತಾರ. ಸಾವಕಾರ್ರು ಮಜ್ಜಿಗಿ ಬೇಕಂತ ಹಟ ಹಿಡದು ಒಂದು ಓಣಿ ತುಂಬ ಅಡ್ಡಾಡಿದ್ರು. ಕಡೀಕ ಒಬ್ಬಾಕಿ ಗಟ್ಟಿ ಮೊಸರು ಕೊಟ್ಟಳು, ಅದಕ್ಕ ನೀರ ಹಾಕಿ ಕಡದು, ಉಪ್ಪ ಹಾಕಿ, ಆಕಿ ಮುಂದನೇ ಕುಡದು ತೇಗಿದ್ರು. ಆಕಿ ಬಾಯಿ ತಕ್ಕೊಂಡು ನೋಡಿದ್ಲು.

ಹೊಳಿ ತುಂಬಿ ಬಂದಿತ್ತು. ಮುಗಲಾಗ ಹತ್ತಿ ಎಳಿಯಷ್ಟೂ ಮೋಡ ಇಲ್ಲ, ನೀರ ಮಾತ್ರ ನಮ್ಮ ಕೃಷ್ಣಾನಂಗ ಕೆಂಪ ಕೆಂಪ. ದಂಡಿ ಮ್ಯಾಲ ನಿಂತು ವಾಸನಿ ತಗೊಂಡ್ನಿ. ಅದೇ ಹೊಸ ಮಣ್ಣಿನ ವಾಸನಿ. ಆದ್ರ ಮಂದಿ ಖುಷಿಯಾಗ ಇದ್ರು. ನಾವು ಊರಾಗ ಮಳಿ ಆತೇನ್ರಿ ಅಂತ ಕೇಳೂ ಹಂಗ ಅವರು ಹೊಳಿ ಏರಿತೇನ್ರಿ ಅಂತ ಕೇಳತಾರ. ನೀರ ಕಡಿಮಿ ಬಂದ್ರ ಅವರಿಗೆ ಚಿಂತಿ, ಹೆಚ್ಚ ಬಂದ್ರ ನಮಗ ಚಿಂತಿ.

ಸಾವಕಾರ್ರು ಮುಂಜಾನಿಂದ ಸಂಜೀತನಕ ಹತ್ತಿ ಗೋಡಾವನಿನ್ಯಾಗ ಎಳಿ ಜಗ್ಗಿ ಜಗ್ಗಿ ನೋಡತಿದ್ರು. ನಾ ನಡುವ ನಿಂತು ಮಾತು ದಾಟಸಬೇಕು. ಒಮ್ಮೆ ಅವರು, "ಈ ಹತ್ತಿ ಯಾವ ಸೀಮಿದು ಕೇಳು," ಅಂದ್ರು. ನಾ ಆ ವ್ಯಾಪಾರಿಗೆ, "ನಿಮ್ಮ ಸೀಮ್ಯಾಗ ನೀರ ಎಲ್ಲೀತನಕ ಬರತೈತಿ?" ಅಂತ ಕೇಳಿಬಿಟ್ನಿ. ಅವ ಪಾಪ, ಎದ್ದು ನಿಂತು ಎದಿ ಮಟ ಕೈ ತೋರಿಸಿದ. ಸಾವಕಾರ್ರು ಹೌಹಾರಿದ್ರು. "ಏನಲೇ ಸಿದ್ದಪ್ಪ, ಹತ್ತಿ ಗಿಡ ಎದಿ ಮಟ ಬೆಳೀತೈತೇನೋ?"

ಹೌದ್ರಿ ಅಂದ್ನಿ. ಮತ್ತೇನ ಅನ್ನಲಿ?

ರೋದಾ ನಡುಗಡ್ಡಿ

ಹಬೀಬ ಹಡಗಿನ್ಯಾಗ ಮಾತು ಕೊಟ್ಟಿದ್ದ, ಕೈರೋಕ್ಕ ಬಂದ್ರ ಒಂದು ವಸ್ತು ತೋರಸತೀನಿ ಅಂತ. ಒಂದು ದಿನ ಬಂದು ಕರಕೊಂಡು ಹೋದ. ಹೊಳಿ ನಡುವ ಒಂದು ನಡುಗಡ್ಡಿ, ಅದರ ತುದಿಗೆ ಒಂದು ಗುಮ್ಮಟ. ಒಳಗ ಬಾವಿ, ಗ್ವಾಡಿಗುಂಟ ಕೆಳಗ ಇಳಿಯಾಕ ಪಾವಟಗಿ. ಬಾವಿ ನಡುವ ಎಂಟ ಮೂಲಿಯ ಕಲ್ಲಿನ ಕಂಬ, ಮೈ ತುಂಬ ಗೆರಿ. ಹೊಳಿ ನೀರ ನೆಲದ ಕೆಳಗಿನ ದಾರಿಲೆ ಈ ಬಾವ್ಯಾಗ ಬಂದು ಕಂಬಗುಂಟ ಏರತಿತ್ತಂತ. ಯಾವ ಗೆರಿ ಮುಟ್ಟಿತು ಅಂತ ನೋಡೂದು, ಆ ವರ್ಷ ಸುಗ್ಗಿಯೋ ಬರವೋ ಅಂತ ಹೇಳೂದು. ನಮ್ಮ ಅಜ್ಜ ಮುತ್ತಜ್ಜರ ಲೆಕ್ಕಕ್ಕ ಸಿಗದಷ್ಟು ಹಿಂದಿನಿಂದ ಹಿಂಗ ಅಳದಾರ.

ನಾ ಕಂಬ ನೋಡಿ ಖುಷಿಯಾಗಿ, "ಇದು ನಮ್ಮ ಪಾದಗಟ್ಟಿ ಇದ್ದಂಗ," ಅಂದ್ನಿ.

"ಹೌದು. ಅದಕ್ಕೇ ಕರಕೊಂಡು ಬಂದೆ," ಅಂದ ಹಬೀಬ. "ಮೊದಲ ಒಂದು ಗೆರಿ ಮುಟ್ಟಿದ್ರ ದೇಶಕ್ಕೆಲ್ಲಾ ಅನ್ನ ಅಂತಿದ್ರು. ಮುಂದ ಎಷ್ಟೋ ತಲಿಮಾರು ಹೋದ ಮ್ಯಾಲ ಅದೇ ಗೆರಿ ಮುಟ್ಟಿದ್ರೂ ಹೊಲಕ್ಕ ನೀರ ಹತ್ತವಲ್ದು, ಮಂದಿ ಉಪವಾಸ. ಯಾಕ ಹೇಳು?"

ನಾ ಬಗ್ಗಿ ಆ ಗೆರಿ ನೋಡಿದ್ನಿ.

"ಹೊಳಿ ವರ್ಷಾ ಮಣ್ಣ ತರತೈತಿ. ತಳ ಏರತೈತಿ, ದಂಡಿ ಏರತೈತಿ, ಹೊಲ ಏರತೈತಿ. ಕಂಬ ಕಲ್ಲಿಂದು, ಅದು ಏರಾಂಗಿಲ್ಲ. ಗೆರಿ ಅಲ್ಲೇ ಇರತೈತಿ, ಗೆರಿಯ ಅರ್ಥ ಬದಲಾಗಿರತೈತಿ." ಆಮ್ಯಾಲ ಹಳೆ ಅಳತಿ ನೋಡಿದ್ರ ಏನ ತಿಳಿತೈತಿ ಅಂತನೂ ಹೇಳಿದ. ಮೊದಲ ಹೊಳಿ ಮೆತ್ತಗ ಬಂದ ಕಾಲ ಉದ್ದಕ್ಕೂ ಐತಿ, ಆಮ್ಯಾಲ ದೊಡ್ಡ ನೀರ ವರ್ಷದ ಬೆನ್ನಿಗೆ ವರ್ಷ ಗುಂಪಾಗಿ ಬಂದ ಕಾಲ ಐತಿ, ಮತ್ತ ಮೆತ್ತಗ. ಹಬಶಿ ಗುಡ್ಡದ ಮಳಿ ಬದಲಾದಂಗ ಹೊಳಿ ಬದಲಾಗೇತಿ. "ಮೆತ್ತನ ಕಾಲದಾಗ ಹುಟ್ಟಿ ಮೆತ್ತನ ಕಾಲದಾಗ ಸತ್ತಾವ ಹೊಳಿ ಅಂದ್ರ ಇಷ್ಟೇ ಅಂತ ತಿಳಕೋತಾನ," ಅಂದ.

ನನ್ನ ಕಣ್ಣ ಮುಂದ ಮಾಳಪ್ಪನ ಸುಣ್ಣದ ಗೆರಿ ಬಂತು. ಪಾದಗಟ್ಟಿಗೆ ಬೆನ್ನ ಹಚ್ಚಿ ಹೊಡದ ಗೆರಿ. ಅದರಾಗ ಒಂದು ತೊಟ್ಟಲ, ತೊಟ್ಟಲದಾಗ ಎರಡ ಕೂಸು. ನಾವು ಕಂಡದ್ದು ಮೆತ್ತನ ಕಾಲ ಆಗಿದ್ರ?

ಹಬೀಬ ಇನ್ನೊಂದು ಮಾತ ಹೇಳಿ ನಕ್ಕ. ಹಿಂದಕ ಡಂಗುರ ಸಾರಾವರು ಓಣಿ ಓಣಿಗೆ ಹೋಗಿ ಇವತ್ತ ಹೊಳಿ ಇಷ್ಟ ಏರಿತು ಅಂತ ಕೂಗತಿದ್ರಂತ. ನೀರ ಸಾಕಷ್ಟು ಬಂದ್ರ ಮಾತ್ರ ರಾಜಾಗ ಕಂದಾಯ. ಹಿಂಗಾಗಿ ನೀರ ಬರದಿದ್ರೂ ಬಂತು ಬಂತು ಅಂತ ಕೂಗಿದ ವರ್ಷ ಅದಾವಂತ.

"ಹೊಳಿ ಸುದ್ದಿಯಾಗೂ ಸುಳ್ಳ ಹೇಳತಾರೇನ್ರಿ?" ಅಂದ್ನಿ.

"ಹೊಳಿ ಸುದ್ದಿಯಾಗೇ ಹೇಳತಾರ. ಅದು ಎಲ್ಲಾರ ಹೊಟ್ಟಿ ಮಾತು," ಅಂದ.

ಹಬೀಬನ ಅವ್ವನ ಊರು

ಮಾರನೇ ದಿನದಿಂದ ನನಗ ಹುಳ ಬಿಟ್ಟಂಗ ಆತು. ಸಾವಕಾರ್ರ, ಹೋಗೂಣು ನಡೀರಿ ಅಂದ್ರ, "ಹತ್ತಿ ಬಿಟ್ಟು ಹೊಂಟ್ರ ಬನಹಟ್ಟ್ಯಾಗ ಮಗ್ಗದ ಮುಂದ ಮಾರಿ ತೋರಸೂದು ಹೆಂಗಲೇ?" ಅಂತ ಗದರಿದ್ರು. ತಮ್ಮ ಮಾತು ಕೊಟ್ಟಾನ, ನಾ ಬರೂತನಕ ಗುದ್ದಲಿ ಹಾಕಾಂಗಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡ್ನಿ. ಮನಸ್ಸು ಕೇಳಲಿಲ್ಲ. ನಾ ದಸರಿಗೆ ಮುಟ್ಟದಿದ್ರ? ಹಿರ್ಯಾ ಬರಲಿಲ್ಲ, ಮುಹೂರ್ತ ತಪ್ಪಸಬ್ಯಾಡ್ರಿ ಅಂತ ಯಾರಾರ ಅಂದ್ರ?

ನನ್ನ ಮಾರಿ ನೋಡಿ ಹಬೀಬ, "ನಡಿ, ನನ್ನ ಅವ್ವನ ಊರಿಗೆ ಹೋಗಿ ಬರೂಣು, ನಿನಗ ಬಯಲ ಗಾಳಿ ಬೇಕಾಗೇತಿ," ಅಂದ. ರೈಲಿನ್ಯಾಗ ದಕ್ಷಿಣಕ್ಕ ಹೋದ್ವಿ. ಯಪ್ಪಾ, ಏನ ಹೇಳಲಿ. ಹಳಿ ಎರಡೂ ಕಡೆ ನೀರೇ ನೀರು. ಹೊಲ ಕಾಣವಲ್ದು, ದಾರಿ ಕಾಣವಲ್ದು. ನೀರ ನಡುವ ಎತ್ತರದ ದಿಬ್ಬ, ದಿಬ್ಬದ ಮ್ಯಾಲ ಒತ್ತೊತ್ತಾಗಿ ಊರು, ಖರ್ಜೂರದ ಗಿಡ, ಕತ್ತಿ, ಕೋಳಿ, ಹುಡುಗುರು. ನಾ ಸೀಟಿಂದ ಎದ್ದು ನಿಂತ್ನಿ. "ಮಂದಿ ಮುಳಗ್ಯಾರ!" ಅಂತ ಒದರಿದ್ನಿ. ಡಬ್ಬಿ ತುಂಬ ನಕ್ಕರು. ಹಬೀಬ ನನ್ನ ಅಂಗಿ ಹಿಡದು ಕುಂದರಿಸಿದ. ಅವರು ಬೇಕಂತನೇ ನೀರ ಹೊಲಕ್ಕ ಬಿಟ್ಟಕೊಂಡಾರ, ಅದು ನಿಂತು ಮಣ್ಣ ಬಿಟ್ಟು ಇಳದ ಮ್ಯಾಲ ಬಿತ್ತತಾರ, ಊರು ಮಾತ್ರ ಎತ್ತರದಾಗ ಇಟಗೊಂಡಾರ ಅಂತ ಹೇಳಿದ.

ಅವನ ಅವ್ವ ದಪ್ಪ ರೊಟ್ಟಿ, ಕುದಿಸಿದ ಅವರಿ ಥರದ ಕಾಳು, ಉಳ್ಳಾಗಡ್ಡಿ ಕೊಟ್ಟಳು. ನಮ್ಮ ಊಟಾನೇ ಅದು, ಖಾರ ಇಲ್ಲ ಅಷ್ಟೇ. ಊರಿನ ದಿಬ್ಬ ಎಲ್ಲಿಂದ ಬಂತು ಅಂತ ಕೇಳಿದ್ನಿ. ಆಕಿಗೆ ನನ್ನ ಪ್ರಶ್ನಿನೇ ನಗಿ ತರಿಸಿತು. ಅಪ್ಪನ ಮಣ್ಣಿನ ಮನಿ ಬಿದ್ದ ಮ್ಯಾಲ ಮಗ ಅದನ್ನ ತುಳದು ಗಟ್ಟಿ ಮಾಡಿ ಅದರ ಮ್ಯಾಲ ಕಟ್ಟತಾನ, ಮೊಮ್ಮಗ ಅದರ ಮ್ಯಾಲ. ಹಂಗ ಊರು ಏರಿಕೋತ ಬಂದೈತಿ. "ಹೊಲ ಏರತೈತಿ, ಮನಿ ಏರಬ್ಯಾಡೇನು?" ಅಂದ್ಲು.

ಆಮ್ಯಾಲ ಎಲ್ಲಾ ದೇಶದ ಅವ್ವಂದ್ರು ಕೇಳೂದನ್ನೇ ಕೇಳಿದ್ಲು. ಮಕ್ಕಳೆಷ್ಟು, ಮನಿ ಎಲ್ಲಿ, ತಮ್ಮಂದ್ರು ಏನ ಮಾಡತಾರ. ಹಬೀಬ ನನ್ನ ಮಾತು ದಾಟಿಸಿಕೋತ ಹೋದ. ಪಾದಗಟ್ಟಿ, ಸುಣ್ಣದ ಗೆರಿ, ಅವಳಿ ಜವಳಿ ಎಲ್ಲಾ ಹೇಳಿದ್ನಿ. ಆಕಿ ಕೈಯಾಗಿನ ಉಳ್ಳಾಗಡ್ಡಿ ಕೆಳಗಿಟ್ಟು ನನಗ ಬೈಯಾಕ ಹತ್ತಿದ್ಲು. ಹಬೀಬ ಮುಜುಗರಪಟ್ಟು ಅದನ್ನ ದಾಟಸಲಿಲ್ಲ. ಏನಂದ್ಲು ಹೇಳು ಅಂತ ನಾ ಜುಲುಮಿ ಮಾಡಿದ ಮ್ಯಾಲ ಹೇಳಿದ, "ಕೂಸು ಅಲ್ಲಿ, ದೊಡ್ಡಪ್ಪ ಇಲ್ಲಿ ಕುಂತು ನನ್ನ ರೊಟ್ಟಿ ತಿಂತಾನ, ನಾಚಿಕಿ ಇಲ್ಲೇನು ಅಂತಾಳ."

ಖರೆ ಹೇಳತೀನಿ, ಆ ಬೈಗುಳ ಕೇಳಿ ನನಗ ಸಮಾಧಾನ ಆತು. ಯಾರಾರ ಬೈಬೇಕಾಗಿತ್ತು. ಕೈರೋಕ್ಕ ಹೊಳ್ಳಿ ಬಂದು ಸಾವಕಾರ್ರಿಗೆ ಹೇಳಿದ್ನಿ, ಮುಂದಿನ ಹಡಗಿಗೆ ನೀವು ಬಂದ್ರ ಬರ್ರಿ, ಇಲ್ಲಂದ್ರ ನಾ ಹೋಗತೀನಿ ಅಂತ. ಅವರು ಖಾಲಿ ಹಿಂಡಿ ಡಬ್ಬಿ ಬಡದು ನೋಡಿದ್ರು. "ಹತ್ತಿನೂ ಆತು, ಹಿಂಡಿನೂ ಮುಗೀತು. ನಡಿ," ಅಂದ್ರು.

ಹಟ್ಟಿ

ಹಡಗು ಏಡನ್ ಬಂದರದಾಗ ಕೆಟ್ಟು ನಿಂತಿತು. ಅಲ್ಲಿ ನಾ ಪಟ್ಟ ಒದ್ದಾಟ ಕೇಳಬ್ಯಾಡ್ರಿ. ಅಂತೂ ದಸರಿ ಮುನ್ನಾದಿನ ಊರ ಮುಟ್ಟಿದ್ನಿ. ಸಾವಕಾರ್ರು ರಬಕವಿಗೆ ಹೋದ್ರು, ನಾ ಗಂಟು ಹೊತ್ತು ಅನಗವಾಡಿಯಿಂದ ಓಡಿಕೋತ ಹಟ್ಟಿಗೆ ಬಂದ್ನಿ. ಗುದ್ದಲಿ ಗ್ವಾಡಿಗೆ ಆನಿಸಿತ್ತು, ಅರಿಷಿಣ ಹಚ್ಚಿ ಇಟ್ಟಿದ್ರು. ಮಣ್ಣ ಎಬ್ಬಿಸಿರಲಿಲ್ಲ. ಅಲ್ಲೇ ಕುಂತು ಅತ್ನಿ.

"ಯಾಕೋ ಯಣ್ಣ, ಏನಾತು?" ಅಂತ ಮಾಳಪ್ಪ ಗಾಬರಿ ಆದ.

"ಇಲ್ಲಿ ಮನಿ ಕಟ್ಟಬ್ಯಾಡ. ಮ್ಯಾಲ ದಿನ್ನಿ ಮ್ಯಾಲ ಕಟ್ಟು," ಅಂದ್ನಿ. ಕಂಬ, ತಕ್ಕಡಿ, ಹಬಶಿ ಗುಡ್ಡ ಎಲ್ಲಾ ಒಂದೇ ಉಸರಿಗೆ ಹೇಳಿದ್ನಿ. ಅವ ಮೊದಲ ನಕ್ಕ, ಆಮ್ಯಾಲ ಸಿಟ್ಟಿಗೆದ್ದ. "ಯಾವ ದೇಶದ ಹೊಳಿನೋ ಅದು? ಅಲ್ಲಿ ಬೀರಪ್ಪ ಅದಾನೇನು? ದಿನ್ನಿ ಮ್ಯಾಲ ಹೋದ್ರ ನೀರ ಹೊರಾವರು ಯಾರು, ನಿನ್ನ ಹಬೀಬ ಬರತಾನೇನು?" ಅಂದ. ಹೊನ್ನವ್ವ ಬಾಗಲದಾಗ ನಿಂತಿದ್ಲು, ಒಂದು ಕೂಸು ಬಗಲಾಗ, ಒಂದು ಹೆಗಲಿಗೆ. ನಮ್ಮ ಆಯಿ, ನಮ್ಮಪ್ಪನ ಅವ್ವ, ಪಡಸಾಲ್ಯಾಗ ಕಂಬಳಿ ಮ್ಯಾಲ ಕುಂತು ಎಲಿ ಅಡಿಕಿ ಕುಟ್ಟತಿದ್ಲು.

ಮಾಳಪ್ಪನ ಸಿಟ್ಟ ತಣಸಾಕ ನಾ ಆ ಡಂಗುರದವರ ಸುದ್ದಿ ಹೇಳಿದ್ನಿ, ಬರದ ನೀರನ್ನ ಬಂತು ಬಂತು ಅಂತ ಸುಳ್ಳ ಕೂಗತಿದ್ರಂತ ಅಂದ್ನಿ. ಯಾರೂ ನಗಲಿಲ್ಲ. ಆಯಿ ಕೈ ಮಾತ್ರ ನಿಂತಿತು.

"ಅವರು ಬರದ ನೀರ ಬಂತಂದ್ರು," ಅಂದ್ಲು. "ನಾವು ಬಂದ ನೀರ ಬರಲಿಲ್ಲಂದ್ವಿ."

"ಏನಂದಿ ಆಯಿ?"

"ನಾ ಲಗ್ನ ಆಗಿ ಹೊಸದಾಗಿ ಈ ಮನಿಗೆ ನಡ್ಯಾಕ ಬಂದಿದ್ನಿ. ಆ ವರ್ಷ ಹೊಳಿ ಪಾದಗಟ್ಟಿ ಮುಟ್ಟಲಿಲ್ಲೋ ತಮ್ಮಾ, ನುಂಗಿತು. ಗುಡಿ ಕಳಸ ಒಂದು ಕಾಣತಿತ್ತು. ನಿಮ್ಮಜ್ಜ ಬೀರಪ್ಪನ್ನ ಎದಿಗೆ ಅವಚಿಕೊಂಡು ದಿನ್ನಿಗೆ ಓಡಿದ. ಕುರಿ ಹಿಂಡಿಗೆ ಹಿಂಡೇ ಹೋದುವು. ನನ್ನ ಭಾವನ ಕೂಸು ಹೋತು. ತೊಟ್ಟಲ ಸಮೇತ ಹೋತು."

ಆಯಿ ಮುಂದ ಹೇಳಿದ್ಲು. "ಅದರ ಮ್ಯಾಲ ಈ ಹಟ್ಟಿಗೆ ಯಾರೂ ಹೆಣ್ಣ ಕೊಡಲಿಲ್ಲ. ನೀರಾಗ ಹೋಗೂ ಮನಿಗೆ ಮಗಳನ್ನ ಯಾರ ಕೊಡತಾರ? ಗಂಡಸರು ಮೀಸಿ ನರಸಿಕೊಂಡು ಕುಂತ್ರು. ಆಗ ಹಿರ್ಯಾರು ಬೀರಪ್ಪನ ಭಂಡಾರದ ಅರಿಷಿಣ ಮುಟ್ಟಿ ಆಣಿ ಮಾಡಿಸಿದ್ರು, ಆ ವರ್ಷದ ಮಾತು ಯಾರೂ ಎತ್ತಬಾರದು. ಬೀಗರು ಕೇಳಿದ್ರ, ಹೊಳಿ ನಮ್ಮ ದೇವರ ಪಾದ ಮುಟ್ಟಿ ಹೊಳ್ಳಿ ಹೋಗತೈತಿ ಅನ್ನೂದು. ಹೊಳಿನೂ ಮೆತ್ತಗಾತು, ಮಾತು ನಡೀತು. ಬೀಗರಿಗಂತ ಕಟ್ಟಿದ ಮಾತು, ನಿಮ್ಮಪ್ಪ ನಂಬಿದ, ನೀವೂ ನಂಬಿದ್ರಿ."

ಹೊನ್ನವ್ವ ಹೊಸ್ತಲ ದಾಟಿ ಬಂದ್ಲು. "ಹಂಗಾರ ನಮ್ಮಪ್ಪಗ ಸುಳ್ಳ ಹೇಳಿ ನನ್ನ ತಂದೀರಿ!"

"ಸಾವಿರ ಸುಳ್ಳ ಹೇಳಿ ಒಂದು ಲಗ್ನ ಮಾಡು ಅಂತಾರಲ್ಲ ಬೇ," ಅಂದ್ಲು ಆಯಿ. "ನಿನ್ನ ಅತ್ತಿನೂ ಹಂಗೇ ತಂದೀವಿ."

"ಗೆರಿ ಹೊಡಿಯೂ ಮುಂದ ನೋಡಿದೆಲ್ಲ, ಆಗರೆ ಬಾಯಿ ಬಿಡಬಾರದಾಗಿತ್ತೇನು?" ಅಂದ ಮಾಳಪ್ಪ.

"ಹಟ್ಟ್ಯಾಗ ಇನ್ನೂ ಹುಡುಗರ ಲಗ್ನ ಆಗಬೇಕಲ್ಲೋ," ಅಂದ್ಲು ಆಯಿ. ಆಮ್ಯಾಲ ಸೆರಗ ಬಾಯಿಗೆ ಹಚ್ಚಿಕೊಂಡು ಅತ್ಲು. ಆಕಿ ಅತ್ತದ್ದು ನಾ ಅವತ್ತೇ ನೋಡಿದ್ದು.

ಹೊನ್ನವ್ವ ಎರಡೂ ಕೂಸು ಎತಗೊಂಡು ದರ ದರ ದಿನ್ನಿ ಏರಿ ಹೋಗಿ ಒಂದು ಬಂಡಿಗಲ್ಲ ಮ್ಯಾಲ ಕುಂತ್ಲು. "ಕಟ್ಟಿದ್ರ ಇಲ್ಲಿ ಕಟ್ಟರಿ. ಇಲ್ಲಂದ್ರ ನಾ ತವರಿಗೆ ಹೋಗತೀನಿ," ಅಂತ ಮ್ಯಾಲಿಂದ ಒದರಿದ್ಲು. ಮರುದಿನ ಆಕಿ ಕುಂತಲ್ಲೇ ಕಾಯಿ ಒಡದು ಗುದ್ದಲಿ ಹಾಕಿದ್ನಿ. ನೆಲ ಗಚ್ಚ ಕಲ್ಲು, ಕೈ ಬೊಬ್ಬಿ ಎದ್ದುವು. ಮಾಳಪ್ಪ ನನ್ನ ಜೋಡಿ ಮಾತಾಡಲಿಲ್ಲ, ಆದ್ರ ಮಣ್ಣ ಹೊತ್ತ.

ಸುದ್ದಿ ಹಟ್ಟ್ಯಾಗ ನಿಲ್ಲಲಿಲ್ಲ. ಚಿಕ್ಕಪ್ಪನ ಮಗಗ ಮುಧೋಳ ಕಡೆ ಮಾತಾದ ಹೆಣ್ಣು ಮುರೀತು. ಚಿಕ್ಕಪ್ಪ ಇವತ್ತಿಗೂ ನಾ ಎದುರಾದ್ರ ಮಾರಿ ತಿರುವತಾನ. ಹೊಳಿ ಅಂತೂ ನನ್ನ ಮಾನ ಉಳಸಲಿಲ್ಲ. ಅವತ್ತಿನಿಂದ ಇವತ್ತಿನ ತನಕ ವರ್ಷಾ ಪಾದಗಟ್ಟಿಗೆ ಬರತೈತಿ, ಮುಟ್ಟತೈತಿ, ಹೊಳ್ಳಿ ಹೋಗತೈತಿ. ಒಂದೆರಡು ವರ್ಷ ಅಷ್ಟೂ ಬರಲಿಲ್ಲ. "ಯಣ್ಣ, ನಿನ್ನ ನೈಲ್ ಇನ್ನೂ ದಾರ್ಯಾಗ ಐತೇನೋ?" ಅಂತ ಮಾಳಪ್ಪ ಹಟ್ಟಿ ಮಂದಿ ಮುಂದ ಕೇಳತಾನ, ಎಲ್ಲಾರೂ ನಗತಾರ. ನಂದೇ ತಪ್ಪೇನೋ ಅಂತ ನನಗೂ ಒಮ್ಮೊಮ್ಮೆ ಅನಸತೈತಿ.

ಬ್ಯಾಸಿಗ್ಯಾಗ ಹೊಳಿ ಇನ್ನೂ ದೂರ ಸರೀತೈತಿ. ಹೊನ್ನವ್ವ ತಲಿ ಮ್ಯಾಲ ಒಂದು ಕೊಡ, ಬಗಲಾಗ ಒಂದು ಕೊಡ ಇಟಗೊಂಡು ಬೆವರ ಸುರಿಸಿಕೋತ ದಿನ್ನಿ ಏರತಾಳ. ನಡುವ ನಿಂತು ತೇಕತಾಳ, ನನ್ನ ಹೆಸರ ಎತ್ತಿ ಬೈತಾಳ. ಈಜಿಪ್ತಿಗೂ ಬೈತಾಳ, ಹಬೀಬಗೂ ಬೈತಾಳ, ಅವರ ಹೊಳಿಗೂ ಬೈತಾಳ. ಹಿಂದ ಅವಳಿ ಜವಳಿ ಎರಡೂ ತಂಬಗಿ ಹಿಡದು ಅರ್ಧ ನೀರ ಚೆಲ್ಲಿಕೋತ ಏರತಾವ, ಅವ್ವ ಬೈದ ಬೈಗುಳನೇ ಬೈತಾವ. ನಾ ಮ್ಯಾಲ ಅವರ ಕಟ್ಟಿಗೆ ಕುಂತು ಕೇಳತೀನಿ.

ಬೈಲಿ. ಮೂರೂ ಮಂದಿ ನೂರು ವರ್ಷ ಬೈಲಿ.